ಅಪ್ಪನ ಕ್ಯಾಪ್ಸೂಲು ಮಗನಿಗೆ ಯಾಕೆ ಆಗಲ್ಲ: ಪ್ರಾಸ್ಟೇಟ್ ಮಾತ್ರೆಗಳ ಒಳಲೆಕ್ಕ

ಕ್ಯಾಂಟೀನಲ್ಲಿ ಕೂತು ಕಿಡ್ನಿ ಸ್ಟೋನ್ ಬಗ್ಗೆ ನಾವೆಲ್ಲ ಜೋರಾಗಿಯೇ ಮಾತಾಡ್ತೀವಿ. ಯಾರ ಮಾವನಿಗೆ ಎಷ್ಟು ಎಂಎಂ ಕಲ್ಲು, ಬಾಳೆದಿಂಡಿನ ರಸ ಕುಡಿದು ಹೋಯ್ತಾ ಇಲ್ವಾ, ಎಲ್ಲಾ ಚರ್ಚೆ ಆಗುತ್ತೆ. ಅಲ್ಲಿಂದ ಒಂದು ಗೇಣು ಕೆಳಗಿರೋ ಪ್ರಾಸ್ಟೇಟ್ ಗ್ರಂಥಿಯ ಹೆಸರು ಬಂದರೆ ಮಾತ್ರ ಟೇಬಲ್ ಪೂರ್ತಿ ಸೈಲೆಂಟ್. ಈ ಲೇಖನದ ವಿಷಯ ಹೇಳಿದಾಗ ನಮ್ಮ ಸಂಘದ ಎಡಿಟರ್ ಕೂಡ ಒಂದು ನಿಮಿಷ ಸುಮ್ಮನಿದ್ದು, "ಸರಿ ಬರೀರಿ, ಆದ್ರೆ ನೀಟಾಗಿ ಬರೀರಿ" ಅಂದ್ರು. ನೀಟಾಗಿಯೇ ಬರೀತೀವಿ.

ಬರೆಯೋಕೆ ಕಾರಣ ಎರಡು. ಒಂದು, ನಮ್ಮ ಅಪ್ಪಂದಿರೆಲ್ಲ ಈಗ ಐವತ್ತರ ಆಸುಪಾಸಿನವರು. ರಜೆಗೆ ಮನೆಗೆ ಹೋದಾಗ ಫ್ರಿಜ್ ಮೇಲಿನ ಔಷಧಿ ಡಬ್ಬಿ ನೋಡಿ, ಶುಗರ್ ಮಾತ್ರೆ ಬಿಪಿ ಮಾತ್ರೆ ಜೊತೆ ಟ್ಯಾಮ್ಸುಲೋಸಿನ್ ಅಂತ ಬರೆದಿರೋ ಸ್ಟ್ರಿಪ್ ಇದ್ದರೂ ಇರಬಹುದು. ಇನ್ನೊಂದು, ನಮ್ಮ ಹಾಸ್ಟೆಲಿನಲ್ಲೇ ಒಬ್ಬ ಹುಡುಗ. ಹೆಸರು ಬೇಡ, ಅವನ ಒಪ್ಪಿಗೆ ತಗೊಂಡೇ ಬರೀತಾ ಇದ್ದೀವಿ. ಕೆಳಹೊಟ್ಟೆ ನೋವು, ಮೂತ್ರ ಮಾಡುವಾಗ ಉರಿ, ಎರಡು ಗಂಟೆ ಕ್ಲಾಸಲ್ಲಿ ಕೂತರೆ ಕೂರೋಕಾಗದ ಹಾಗೆ ಒಳಗೊಳಗೆ ಹಿಂಡೋದು. ಅವನು ಡಾಕ್ಟರ ಹತ್ತಿರ ಹೋಗಲಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ಮೂರು ಸಲ ಆಂಟಿಬಯೋಟಿಕ್ ತಂದು ತಿಂದ. ನಾಲ್ಕನೇ ಸಲಕ್ಕೆ ಊರಿಂದ ಬರುವಾಗ ಅಪ್ಪನ ಡಬ್ಬಿಯಿಂದ ಎರಡು ಸ್ಟ್ರಿಪ್ ಕ್ಯಾಪ್ಸೂಲು ಎತ್ತಿಕೊಂಡು ಬಂದಿದ್ದ. "ಅದೂ ಪ್ರಾಸ್ಟೇಟಿಂದೇ, ಇದೂ ಪ್ರಾಸ್ಟೇಟಿಂದೇ, ಏನು ವ್ಯತ್ಯಾಸ?" ಅನ್ನೋದು ಅವನ ಲಾಜಿಕ್. ಕೇಳೋಕೆ ಸರಿಯಾಗಿದೆ ಅನಿಸುತ್ತೆ. ಯಾಕೆ ಸರಿಯಿಲ್ಲ ಅನ್ನೋದೇ ಈ ಲೇಖನ.

ನಾವು ಡಾಕ್ಟರುಗಳಲ್ಲ, ಸೆಕೆಂಡ್ ಇಯರ್ ಎಂಜಿನಿಯರಿಂಗ್. ಇದನ್ನ ಓದಿ ಯಾರೂ ಮಾತ್ರೆ ಶುರು ಮಾಡಬೇಡಿ, ನಿಲ್ಲಿಸಲೂಬೇಡಿ.

ಮೊದಲು ಮ್ಯಾಪ್ ನೋಡೋಣ. ಮೂತ್ರಕೋಶ ಒಂದು ಸಿಂಟೆಕ್ಸ್ ಟ್ಯಾಂಕ್ ಅಂದ್ಕೊಳ್ಳಿ. ಅದರ ಕೆಳಗಿನ ಔಟ್‌ಲೆಟ್ ಪೈಪು ಮೂತ್ರನಾಳ. ಟ್ಯಾಂಕಿನ ಬಾಯಿಗೆ ಅಂಟಿಕೊಂಡು, ಪೈಪಿನ ಸುತ್ತ ತಬ್ಬಿಕೊಂಡಿರೋದೇ ಪ್ರಾಸ್ಟೇಟ್. ವೀರ್ಯದ ದ್ರವದಲ್ಲಿ ಒಂದು ಭಾಗವನ್ನ ತಯಾರಿಸೋದು ಅದರ ಕೆಲಸ. ಗಂಡಸರಿಗೆ ಮಾತ್ರ ಇರೋ ಗ್ರಂಥಿ. ನಮ್ಮ ವಯಸ್ಸಿನಲ್ಲಿ ತೂಕ ಸುಮಾರು 20 ಗ್ರಾಂ. ಪುಸ್ತಕಗಳು ಅಕ್ರೋಟಿನ ಗಾತ್ರ ಅನ್ನುತ್ವೆ, ನಮಗೆ ಬೆಟ್ಟದ ನೆಲ್ಲಿಕಾಯಿ ಅಂದ್ರೆ ಬೇಗ ಕಣ್ಣಿಗೆ ಬರುತ್ತೆ. ಪೈಪನ್ನ ಗ್ರಂಥಿಯ ಪಕ್ಕದಲ್ಲಿ ಹಾಯಿಸದೆ ನಟ್ಟನಡುವೆ ತೂರಿಸಿದ್ದು ಯಾವ ಡಿಸೈನ್ ರಿವ್ಯೂನಲ್ಲೂ ಪಾಸಾಗೋ ಪ್ಲಾನ್ ಅಲ್ಲ. ಆದ್ರೆ ಆಗಿಹೋಗಿದೆ. ಗ್ರಂಥಿ ಊದಿಕೊಂಡರೂ ಬಿಗಿದುಕೊಂಡರೂ ಕಷ್ಟಪಡೋದು ಪೈಪು.

ಈ ಗ್ರಂಥಿಯ ಹೆಸರಲ್ಲಿ ಬರೋ ದೀರ್ಘಕಾಲದ ತೊಂದರೆಗಳು ಮುಖ್ಯವಾಗಿ ಎರಡು ಬಗೆ, ಮತ್ತು ಇವೆರಡನ್ನೂ ಒಂದೇ ಅಂದ್ಕೊಳ್ಳೋದೇ ಎಲ್ಲಾ ಗೊಂದಲದ ಮೂಲ. ವಯಸ್ಸಾದಂತೆ ಗ್ರಂಥಿ ನಿಧಾನಕ್ಕೆ ದಪ್ಪ ಆಗೋದು ಒಂದು. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಇದು ಶುರುವಾಗಿರುತ್ತೆ, ಎಂಬತ್ತರ ಹೊತ್ತಿಗೆ ಬಹುತೇಕ ಎಲ್ಲರಿಗೂ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ಬದಲಾಗೋದೂ ಇಲ್ಲ. ಇಲ್ಲಿ ನೋವಿಗಿಂತ ಕಿರಿಕಿರಿ ಜಾಸ್ತಿ. ಧಾರೆ ಸಣ್ಣ, ನಿಂತು ನಿಂತು ಬರೋದು, ರಾತ್ರಿ ಮೂರು ಸಲ ಏಳೋದು, ಆರು ಗಂಟೆ ಬಸ್ ಪ್ರಯಾಣ ಅಂದ್ರೆ ಹಿಂದಿನ ದಿನದಿಂದಲೇ ಟೆನ್ಶನ್. ಎರಡನೇದು ಪ್ರಾಸ್ಟಟೈಟಿಸ್ ಅಂತ ಕರೆಯೋದು. ಇದರಲ್ಲಿ ಮುಖ್ಯವಾದದ್ದು ನೋವು, ಇದು ನಮ್ಮ ವಯಸ್ಸಿನವರಿಗೂ ಬರುತ್ತೆ. ಐವತ್ತರ ಒಳಗಿನ ಗಂಡಸರಿಗೆ ಯುರಾಲಜಿಸ್ಟ್‌ಗಳು ಅತಿ ಹೆಚ್ಚು ಸಲ ಹೇಳೋ ಕಾಯಿಲೆಯ ಹೆಸರುಗಳಲ್ಲಿ ಇದೂ ಒಂದು.

ಸಡಿಲಿಸೋ ಔಷಧಿ

ಅಪ್ಪಂದಿರ ಕಡೆಯಿಂದಲೇ ಶುರು ಮಾಡೋಣ, ಅಲ್ಲಿ ಲೆಕ್ಕ ಸ್ವಲ್ಪ ಸುಲಭ.

ಗ್ರಂಥಿ ದಪ್ಪ ಆದ್ರೆ ಪೈಪ್ ಕಿರಿದಾಗುತ್ತೆ, ಕೊಯ್ದು ತೆಗೆದರೆ ಸರಿಯಾಗುತ್ತೆ. ತುಂಬಾ ವರ್ಷ ವೈದ್ಯರು ಹೀಗೇ ಯೋಚಿಸ್ತಾ ಇದ್ರು. ಆದ್ರೆ ಒಂದು ವಿಷಯ ಲೆಕ್ಕಕ್ಕೆ ಸಿಗ್ತಿರಲಿಲ್ಲ. ಒಂದೇ ಗಾತ್ರದ ಗ್ರಂಥಿ ಇರೋ ಇಬ್ಬರಲ್ಲಿ ಒಬ್ಬರಿಗೆ ಸಿಕ್ಕಾಪಟ್ಟೆ ತೊಂದರೆ, ಇನ್ನೊಬ್ಬರಿಗೆ ಏನೂ ಇಲ್ಲ. 1975ರಲ್ಲಿ ಜೆರುಸಲೇಮಿನ ಮಾರ್ಕೊ ಕೇನ್ ಅನ್ನೋ ಯುರಾಲಜಿಸ್ಟ್ ಮತ್ತು ಅವರ ಸಂಗಡಿಗರು ಆಪರೇಷನ್‌ನಲ್ಲಿ ತೆಗೆದ ಪ್ರಾಸ್ಟೇಟ್ ತುಣುಕುಗಳನ್ನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದು ಏನಂದ್ರೆ, ಈ ಗ್ರಂಥಿಯೊಳಗೆ ಮತ್ತು ಮೂತ್ರಕೋಶದ ಕುತ್ತಿಗೆಯಲ್ಲಿ ಸ್ನಾಯು ಇದೆ, ಆ ಸ್ನಾಯುವಿನ ಮೇಲೆ ಆಲ್ಫಾ ರಿಸೆಪ್ಟರುಗಳಿವೆ. ನರದಿಂದ ನಾರ್‌ಅಡ್ರಿನಲಿನ್ ಬಂದು ಅಲ್ಲಿ ಕೂತರೆ ಸ್ನಾಯು ಬಿಗಿಯುತ್ತೆ. ಅಂದ್ರೆ ಅಡ್ಡಿಯಲ್ಲಿ ಎರಡು ಪಾಲು. ಒಂದು ಗ್ರಂಥಿಯ ಗಾತ್ರ, ಅದು ಸ್ಟ್ಯಾಟಿಕ್ ಲೋಡ್ ಇದ್ದ ಹಾಗೆ. ಇನ್ನೊಂದು ಸ್ನಾಯುವಿನ ಬಿಗಿತ, ಅದು ಡೈನಮಿಕ್. ಗಾತ್ರ ಮುಟ್ಟದೇನೇ ಬಿಗಿತವನ್ನ ಸಡಿಲಿಸಬಹುದು.

ಕೇನ್ ಮರುವರ್ಷವೇ ಫಿನಾಕ್ಸಿಬೆಂಜಮೀನ್ ಅನ್ನೋ ಔಷಧಿ ಕೊಟ್ಟು ನೋಡಿದ್ರು. ಕೆಲಸ ಮಾಡ್ತು. ಆದ್ರೆ ಅದೇ ತರಹದ ರಿಸೆಪ್ಟರ್ ರಕ್ತನಾಳದ ಗೋಡೆಯಲ್ಲೂ ಇದೆಯಲ್ಲ, ಅಲ್ಲೂ ಸಡಿಲ ಆಗಿ ಬಿಪಿ ಇಳಿಯೋದು, ತಲೆ ತಿರುಗೋದು. ಮುಂದಿನ ವರ್ಷಗಳ ಕೆಲಸವೆಲ್ಲ ಒಂದೇ ದಿಕ್ಕಿನಲ್ಲಿ ನಡೀತು: ಪ್ರಾಸ್ಟೇಟಿನ ರಿಸೆಪ್ಟರಿಗೆ ಮಾತ್ರ ಹೊಂದೋ ಕೀಲಿ ಹುಡುಕೋದು. ಆಲ್ಫಾ-1 ರಿಸೆಪ್ಟರಿನಲ್ಲೇ ಎ, ಬಿ, ಡಿ ಅಂತ ಮೂರು ಉಪಜಾತಿ. ಪ್ರಾಸ್ಟೇಟಿನಲ್ಲಿ ಹೆಚ್ಚಾಗಿ ಇರೋದು ಎ. (ಸಿ ಎಲ್ಲಿ ಹೋಯ್ತು ಅಂತ ಕೇಳಬೇಡಿ, ಅದು ಹೆಸರಿಡೋ ಗಲಾಟೆ, ಬೇರೆಯೇ ಕಥೆ.) ಜಪಾನಿನಲ್ಲಿ ಕಂಡುಹಿಡಿದ ಟ್ಯಾಮ್ಸುಲೋಸಿನ್ ಎ ಮತ್ತು ಡಿ ಕಡೆಗೆ ವಾಲುತ್ತೆ. ಅಲ್ಲಿ 1993ರಲ್ಲಿ, ಅಮೆರಿಕದಲ್ಲಿ 1997ರಲ್ಲಿ ಬಳಕೆಗೆ ಬಂತು. ನಮ್ಮಲ್ಲಿ ಕೊಡೋದು ಸಾಮಾನ್ಯವಾಗಿ 0.4 ಮಿ.ಗ್ರಾಂ, ದಿನಕ್ಕೆ ಒಂದು. ಅಲ್ಫುಜೋಸಿನ್, ಸಿಲೋಡೋಸಿನ್ ಇದೇ ಮನೆತನದವು.

ಇಷ್ಟು ಸಣ್ಣ ಡೋಸಿಗೆ ಅಷ್ಟು ಪರಿಣಾಮ ಹೇಗೆ ಅಂತ ಕೇಳಿದವರು ಫ್ಲೂಯಿಡ್ ಮೆಕ್ಯಾನಿಕ್ಸ್ ನೋಟ್ಸ್ ತೆಗೀರಿ. ಹೇಗನ್-ಪಾಯ್ಸೆ ಸಮೀಕರಣದಲ್ಲಿ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತ. ತ್ರಿಜ್ಯ ಶೇ. 10ರಷ್ಟು ಹೆಚ್ಚಿದರೆ 1.1ರ ನಾಲ್ಕನೇ ಘಾತ, ಅಂದ್ರೆ 1.46. ಒತ್ತಡ ಅಷ್ಟೇ ಇದ್ದರೂ ಹರಿವು ಸುಮಾರು ಶೇ. 46 ಜಾಸ್ತಿ. ಮೂತ್ರನಾಳ ಪಿವಿಸಿ ಪೈಪ್ ಅಲ್ಲ, ಮೆತ್ತಗಿನ ಕೊಳವೆ, ಹರಿವೂ ಪೂರ್ತಿ ಲ್ಯಾಮಿನಾರ್ ಅಲ್ಲ, ಆದ್ದರಿಂದ ಈ ಸಮೀಕರಣ ಇಲ್ಲಿ ಅಚ್ಚುಕಟ್ಟಾಗಿ ಕೂರಲ್ಲ. ವೈವಾದಲ್ಲಿ ಹೀಗೇ ಹೇಳಿ ಸಿಕ್ಕಿಹಾಕಿಕೊಳ್ಳಬೇಡಿ. ಆದ್ರೆ ಸ್ವಲ್ಪ ಸಡಿಲ ಆದ್ರೂ ಯಾಕೆ ಬಹಳ ಆರಾಮ ಅನಿಸುತ್ತೆ ಅನ್ನೋದಕ್ಕೆ ಅಂದಾಜು ಸಿಗುತ್ತೆ. ಆಸ್ಪತ್ರೆಯಲ್ಲಿ ಇದನ್ನ ಅಳೆಯೋಕೆ ಯುರೋಫ್ಲೋ ಅನ್ನೋ ಟೆಸ್ಟ್ ಇದೆ, ಒಂದು ಫನೆಲ್, ಕೆಳಗೆ ಸೆನ್ಸರ್, ಸ್ಕ್ರೀನ್ ಮೇಲೆ ಗ್ರಾಫ್. ಗರಿಷ್ಠ ಹರಿವು ಸೆಕೆಂಡಿಗೆ 15 ಮಿ.ಲೀ. ಮೇಲಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 10ಕ್ಕಿಂತ ಕೆಳಗೆ ಬಂದರೆ ಅಡ್ಡಿ ಇರಬಹುದು ಅಂತ ಅನುಮಾನ.

ಈ ಗುಂಪಿನ ಔಷಧಿ ಕೆಲವೇ ದಿನಗಳಲ್ಲಿ ಕೆಲಸ ತೋರಿಸುತ್ತೆ. ಆದ್ರೆ ಗ್ರಂಥಿಯನ್ನ ಕುಗ್ಗಿಸಲ್ಲ, ಅದು ಬೆಳೆಯೋದನ್ನೂ ತಡೆಯಲ್ಲ. ನಿಲ್ಲಿಸಿದರೆ ಬಿಗಿತ ವಾಪಸ್. ಮಲಗಿದವರು ದಡಕ್ಕಂತ ಎದ್ದರೆ ಕಣ್ಣು ಕತ್ತಲೆ ಬರಬಹುದು, ಅದರಲ್ಲೂ ಶುರುವಿನ ದಿನಗಳಲ್ಲಿ. ರಾತ್ರಿ ಬಾತ್‌ರೂಮಿಗೆ ಏಳೋ ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳೋ ಅಪಾಯ ಇಲ್ಲೇ ಇರೋದು, ಹಾಸಿಗೆ ಅಂಚಲ್ಲಿ ಅರ್ಧ ನಿಮಿಷ ಕೂತು ಆಮೇಲೆ ಏಳಿ ಅಂತ ಮನೇಲಿ ಹೇಳಿ. ವೀರ್ಯ ಹೊರಗೆ ಬರದೆ ಮೂತ್ರಕೋಶದ ಕಡೆಗೇ ಹೋಗಬಹುದು ಅಥವಾ ಪ್ರಮಾಣ ಕಡಿಮೆ ಆಗಬಹುದು, ಸಿಲೋಡೋಸಿನ್‌ನಲ್ಲಿ ಇದು ಇನ್ನೂ ಜಾಸ್ತಿ. ಅಪಾಯ ಇಲ್ಲ, ಆದ್ರೆ ಯಾರೂ ಮೊದಲೇ ಹೇಳಿರದಿದ್ದರೆ ಹೆದರಿಕೆ ಆಗುತ್ತೆ. ಇನ್ನೊಂದು ವಿಚಿತ್ರ: ಕಣ್ಣಿನ ಪಾಪೆಯ ಸ್ನಾಯುವಿನಲ್ಲೂ ಇದೇ ರಿಸೆಪ್ಟರ್. ಟ್ಯಾಮ್ಸುಲೋಸಿನ್ ತಗೊಳ್ಳೋರಿಗೆ ಕಣ್ಣಿನ ಪೊರೆ ಆಪರೇಷನ್ ಮಾಡುವಾಗ ಪಾಪೆ ಜೋತಾಡಿ ತೊಂದರೆ ಕೊಡುತ್ತೆ ಅಂತ 2005ರಲ್ಲಿ ಕಣ್ಣಿನ ವೈದ್ಯರು ವರದಿ ಮಾಡಿದ್ರು. ತಾತನಿಗೆ ಕಣ್ಣಿನ ಆಪರೇಷನ್ ಅಂದ್ರೆ ಕಣ್ಣಿನ ಡಾಕ್ಟರಿಗೆ ಪ್ರಾಸ್ಟೇಟ್ ಮಾತ್ರೆ ವಿಷಯ ಹೇಳಲೇಬೇಕು. "ಕಣ್ಣಿಗೂ ಅದಕ್ಕೂ ಏನು ಸಂಬಂಧ" ಅಂತ ತಾತ ಬಾಯಿ ಬಿಡಲ್ಲ, ನಾವೇ ಹೇಳಬೇಕು.

ಕುಗ್ಗಿಸೋ ಔಷಧಿ, ಮತ್ತು ಹಾಸ್ಟೆಲಿನ ಕೂದಲು

ಗ್ರಂಥಿ ದಪ್ಪ ಆಗೋದರ ಹಿಂದೆ ಹಾರ್ಮೋನ್ ಇದೆ. ಟೆಸ್ಟೊಸ್ಟಿರೋನನ್ನ 5-ಆಲ್ಫಾ ರಿಡಕ್ಟೇಸ್ ಅನ್ನೋ ಕಿಣ್ವ ಡಿಎಚ್‌ಟಿ ಅನ್ನೋ ಇನ್ನೂ ಬಲವಾದ ಹಾರ್ಮೋನಾಗಿ ಬದಲಿಸುತ್ತೆ. ಪ್ರಾಸ್ಟೇಟ್ ಬೆಳೆಯೋದು ಮುಖ್ಯವಾಗಿ ಈ ಡಿಎಚ್‌ಟಿಯಿಂದ. ಇದು ಗೊತ್ತಾದ ಕಥೆ ಚೆನ್ನಾಗಿದೆ. ಕೆರಿಬಿಯನ್‌ನ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಲಿನಾಸ್ ಅನ್ನೋ ಹಳ್ಳಿ. ಅಲ್ಲಿನ ಕೆಲವು ಕುಟುಂಬಗಳಲ್ಲಿ ಹುಟ್ಟಿದಾಗ ಹೆಣ್ಣುಮಗು ಅಂತ ತಿಳಿದು ಬೆಳೆಸಿದ ಮಕ್ಕಳು ಹದಿಹರೆಯಕ್ಕೆ ಬಂದಾಗ ಗಂಡಸಿನ ದೇಹ ಪಡೀತಾ ಇದ್ರು. ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಅಧ್ಯಯನ ಮಾಡಿ 1974ರಲ್ಲಿ ಪ್ರಕಟಿಸಿದ್ರು: ಇವರಿಗೆ ಆ ಕಿಣ್ವದ ಕೊರತೆ. ದೊಡ್ಡವರಾದ ಮೇಲೂ ಇವರ ಪ್ರಾಸ್ಟೇಟ್ ಚಿಕ್ಕದಾಗೇ ಇರ್ತಿತ್ತು, ಗಂಡಸರಿಗೆ ಬರೋ ಬೊಕ್ಕತಲೆಯೂ ಬರ್ತಿರಲಿಲ್ಲ. ಮರ್ಕ್ ಕಂಪನಿಯ ಸಂಶೋಧಕರು ಇದನ್ನ ಓದಿ, ಹಾಗಿದ್ರೆ ಆ ಕಿಣ್ವವನ್ನ ತಡೆಯೋ ಮಾತ್ರೆ ಮಾಡಿದ್ರೆ ಹೇಗೆ ಅಂತ ಯೋಚಿಸಿದ್ರು. 1992ರಲ್ಲಿ ಫಿನಾಸ್ಟೆರೈಡ್ 5 ಮಿ.ಗ್ರಾಂ ಪ್ರಾಸ್ಟೇಟಿಗೆ ಬಂತು. 1997ರಲ್ಲಿ ಅದೇ ಔಷಧಿ 1 ಮಿ.ಗ್ರಾಂ ರೂಪದಲ್ಲಿ ಕೂದಲು ಉದುರೋದಕ್ಕೆ ಬಂತು.

ಹೌದು, ನಿಮ್ಮ ರೂಮ್‌ಮೇಟ್ ಆನ್‌ಲೈನಲ್ಲಿ ತರಿಸಿಕೊಂಡು ಶೆಲ್ಫಲ್ಲಿ ಇಟ್ಟಿರೋ ಕೂದಲಿನ ಮಾತ್ರೆ ಮೂಲದಲ್ಲಿ ಪ್ರಾಸ್ಟೇಟ್ ಮಾತ್ರೆಯೇ.

ಡ್ಯುಟಾಸ್ಟೆರೈಡ್ ಇದರ ತಮ್ಮ, ಸ್ವಲ್ಪ ಜೋರು. ಇವು ಗ್ರಂಥಿಯನ್ನ ಸುಮಾರು ಕಾಲು ಭಾಗದಷ್ಟು ಕುಗ್ಗಿಸಬಲ್ಲವು, ಆದ್ರೆ ಆರು ತಿಂಗಳು, ಕೆಲವರಿಗೆ ಒಂದು ವರ್ಷ ಬೇಕು. ತಿಂಗಳಲ್ಲಿ ಏನೂ ಆಗಲಿಲ್ಲ ಅಂತ ಬಿಟ್ಟವರಿಗೆ ಏನೂ ಆಗಲ್ಲ. ಗ್ರಂಥಿ ನಿಜವಾಗಿ ದೊಡ್ಡದಾಗಿದ್ದರೆ ಮಾತ್ರ ಉಪಯೋಗ. ನಮ್ಮ ವಯಸ್ಸಿನವರ ನೆಲ್ಲಿಕಾಯಿಯಲ್ಲಿ ಕುಗ್ಗಿಸೋಕೆ ಏನಿದೆ? ಕಾಮಾಸಕ್ತಿ ಕಡಿಮೆಯಾಗೋದು, ನಿಮಿರುವಿಕೆಯ ತೊಂದರೆ ಕೆಲವರಿಗೆ ಬರುತ್ತೆ. ಪಿಎಸ್‌ಎ ಅಂತ ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗೆ ಮಾಡೋ ರಕ್ತಪರೀಕ್ಷೆಯ ಸಂಖ್ಯೆಯನ್ನ ಈ ಮಾತ್ರೆಗಳು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸುತ್ವೆ, ರಿಪೋರ್ಟ್ ನೋಡೋ ಡಾಕ್ಟರಿಗೆ ಗೊತ್ತಿರದಿದ್ದರೆ 3 ಅಂತ ಬಂದಿದ್ದು ನಿಜಕ್ಕೂ 6 ಇರಬಹುದು. ಹೊಟ್ಟೆಯಲ್ಲಿರೋ ಗಂಡುಮಗುವಿನ ಬೆಳವಣಿಗೆಗೆ ಡಿಎಚ್‌ಟಿ ಬೇಕು, ಹಾಗಾಗಿ ಮನೇಲಿ ಗರ್ಭಿಣಿ ಇದ್ದರೆ ಒಡೆದ ಮಾತ್ರೆ, ಸೋರೋ ಕ್ಯಾಪ್ಸೂಲು ಅವರು ಮುಟ್ಟಬಾರದು. ಇದೇ ಕಾರಣಕ್ಕೆ ರಕ್ತದಾನವೂ ಇಲ್ಲ: ಫಿನಾಸ್ಟೆರೈಡ್ ನಿಲ್ಲಿಸಿ ಒಂದು ತಿಂಗಳು, ಡ್ಯುಟಾಸ್ಟೆರೈಡ್ ನಿಲ್ಲಿಸಿ ಆರು ತಿಂಗಳು ಆಗಬೇಕು. ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಅಟೆಂಡೆನ್ಸ್ ಸಿಗುತ್ತೆ ಅಂತ ಸಾಲಲ್ಲಿ ನಿಲ್ಲೋರು ಕೂದಲಿನ ಮಾತ್ರೆ ವಿಷಯ ಫಾರ್ಮಿನಲ್ಲಿ ಬರೀರಿ ದಯವಿಟ್ಟು.

ಸಡಿಲಿಸೋದು, ಕುಗ್ಗಿಸೋದು ಎರಡನ್ನೂ ಒಟ್ಟಿಗೆ ಕೊಟ್ಟರೆ? 2003ರಲ್ಲಿ ಪ್ರಕಟವಾದ ಒಂದು ದೊಡ್ಡ ಅಮೆರಿಕನ್ ಪ್ರಯೋಗದಲ್ಲಿ 3,047 ಗಂಡಸರನ್ನ ಸರಾಸರಿ ನಾಲ್ಕೂವರೆ ವರ್ಷ ನೋಡಿದ್ರು. ಪ್ಲಸೀಬೊಗೆ, ಅಂದ್ರೆ ಔಷಧಿಯೇ ಇಲ್ಲದ ಸಪ್ಪೆ ಮಾತ್ರೆಗೆ ಹೋಲಿಸಿದರೆ ಕಾಯಿಲೆ ಮುಂದುವರಿಯೋ ಅಪಾಯ ಡಾಕ್ಸಜೋಸಿನ್ ಒಂದರಿಂದ ಶೇ. 39, ಫಿನಾಸ್ಟೆರೈಡ್ ಒಂದರಿಂದ ಶೇ. 34, ಎರಡೂ ಸೇರಿದಾಗ ಶೇ. 66 ಕಡಿಮೆ ಆಯ್ತು. ಅಪ್ಪನ ಸ್ಟ್ರಿಪ್ಪಿನಲ್ಲಿ ಎರಡು ಹೆಸರು ಒಟ್ಟಿಗೆ ಇದ್ದರೆ ಕಾರಣ ಇದು. 2011ರಿಂದ ತಡಲಾಫಿಲ್ 5 ಮಿ.ಗ್ರಾಂ ಕೂಡ ಈ ತೊಂದರೆಗೆ ಕೊಡ್ತಾರೆ, ಆದ್ರೆ ಹೃದಯಕ್ಕೆ ನೈಟ್ರೇಟ್ ಮಾತ್ರೆ, ನಾಲಿಗೆ ಕೆಳಗೆ ಇಡೋದು, ತಗೊಳ್ಳೋರಿಗೆ ಅದು ಸುತರಾಂ ಕೂಡದು. ಬಿಪಿ ಕುಸಿದು ಪ್ರಾಣಕ್ಕೇ ಅಪಾಯ. ಸಾ ಪಾಮೆಟ್ಟೊ ಅಂತ ಒಂದು ಗಿಡಮೂಲಿಕೆ ಕ್ಯಾಪ್ಸೂಲು ಆನ್‌ಲೈನಲ್ಲಿ ಜೋರಾಗಿ ಮಾರಾಟ ಆಗುತ್ತೆ. 2006ರಲ್ಲಿ 225 ಜನರ ಮೇಲೆ ಒಂದು ವರ್ಷ, 2011ರಲ್ಲಿ ಮೂರು ಪಟ್ಟು ಡೋಸಿನವರೆಗೂ ಹೋಗಿ ನೋಡಿದ್ರು, ಎರಡರಲ್ಲೂ ಪ್ಲಸೀಬೊಗಿಂತ ಮೇಲೇನೂ ಬರಲಿಲ್ಲ. ಆ ದುಡ್ಡಲ್ಲಿ ಮಸಾಲೆ ದೋಸೆ ತಿನ್ನಬಹುದು.

ನಮ್ಮ ವಯಸ್ಸಿನ ನೋವು

ಇನ್ನು ಕಷ್ಟದ ಭಾಗ.

1990ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಪ್ರಾಸ್ಟಟೈಟಿಸ್ ಅನ್ನೋ ಒಂದೇ ಹೆಸರಿನ ಕೆಳಗೆ ಗುಡ್ಡೆ ಹಾಕಿದ್ದನ್ನೆಲ್ಲ ಬಿಡಿಸಿ ನಾಲ್ಕು ವರ್ಗ ಮಾಡ್ತು. ಒಂದನೇದು ಚಳಿಜ್ವರದ ಜೊತೆ ಇದ್ದಕ್ಕಿದ್ದಂತೆ ಬರೋ ಸೋಂಕು, ಇದು ಎಮರ್ಜೆನ್ಸಿ. ಎರಡನೇದು ಬ್ಯಾಕ್ಟೀರಿಯಾ ಒಳಗೇ ಮನೆಮಾಡಿಕೊಂಡು ಪದೇ ಪದೇ ಕಾಡೋದು. ಮೂರನೇದು ಮೂರು ತಿಂಗಳಿಗೂ ಮೀರಿ ನೋವು, ಆದ್ರೆ ಟೆಸ್ಟಿನಲ್ಲಿ ಬ್ಯಾಕ್ಟೀರಿಯಾ ಇಲ್ಲ. ನಾಲ್ಕನೇದರಲ್ಲಿ ತೊಂದರೆಯೇ ಗೊತ್ತಾಗಲ್ಲ, ಬಿಟ್ಟುಬಿಡೋಣ. ತಿಂಗಳುಗಟ್ಟಲೆ ನೋವು ಅಂತ ಬರೋ ಹತ್ತು ಜನರಲ್ಲಿ ಒಂಬತ್ತು ಜನಕ್ಕೂ ಹೆಚ್ಚು ಮೂರನೇ ವರ್ಗದವರು. ಅಂದ್ರೆ ಕೊಲ್ಲೋಕೆ ಬ್ಯಾಕ್ಟೀರಿಯಾನೇ ಇಲ್ಲ.

ನಮ್ಮ ಹಾಸ್ಟೆಲಿನ ಹುಡುಗ ಮೂರು ಕೋರ್ಸ್ ಆಂಟಿಬಯೋಟಿಕ್ ಯಾವುದರ ಮೇಲೆ ಬಿಟ್ಟ ಅಂತ ಈಗ ಯೋಚಿಸಿ.

ಎರಡನೇ ವರ್ಗದಲ್ಲಿ, ಬ್ಯಾಕ್ಟೀರಿಯಾ ನಿಜವಾಗಿ ಇದ್ದಾಗಲೂ, ಎಲ್ಲಾ ಆಂಟಿಬಯೋಟಿಕ್ ಒಳಗೆ ಹೋಗಲ್ಲ. ರಕ್ತಕ್ಕೂ ಪ್ರಾಸ್ಟೇಟ್ ದ್ರವಕ್ಕೂ ಮಧ್ಯೆ ಕೊಬ್ಬಿನಂಶದ ಗೋಡೆ. ಕೊಬ್ಬಿನಲ್ಲಿ ಕರಗೋ, ವಿದ್ಯುದಾವೇಶ ಇಲ್ಲದ ಅಣುಗಳು ಮಾತ್ರ ಸಲೀಸಾಗಿ ದಾಟುತ್ವೆ. ಹಾಗಾಗಿ ಮೂತ್ರದ ಸೋಂಕಿಗೆ ಚೆನ್ನಾಗಿ ಕೆಲಸ ಮಾಡೋ ನೈಟ್ರೊಫ್ಯುರಾಂಟೊಯಿನ್ ಇಲ್ಲಿ ಪ್ರಯೋಜನಕ್ಕಿಲ್ಲ. ಟ್ರೈಮೆಥೊಪ್ರಿಮ್ ಮತ್ತು ಸಿಪ್ರೊಫ್ಲೋಕ್ಸಾಸಿನ್, ಲಿವೊಫ್ಲೋಕ್ಸಾಸಿನ್ ಗುಂಪಿನವು ಒಳಗೆ ಹೋಗುತ್ವೆ. ಐದು ದಿನ ಸಾಲದು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೊಡ್ತಾರೆ. ಅದಕ್ಕೆ ಮೊದಲು ಮೂತ್ರವನ್ನ ಕಲ್ಚರ್‌ಗೆ ಕಳಿಸಿ ಯಾವ ಬ್ಯಾಕ್ಟೀರಿಯಾ, ಯಾವುದಕ್ಕೆ ಬಗ್ಗುತ್ತೆ ಅಂತ ನೋಡ್ತಾರೆ. ಮೆಡಿಕಲ್ ಶಾಪಿನಿಂದ ಮೊದಲೇ ಎರಡು ಮಾತ್ರೆ ನುಂಗಿ ಹೋದರೆ ಕಲ್ಚರಿನಲ್ಲಿ ಏನೂ ಬೆಳೆಯಲ್ಲ, ಸಾಕ್ಷಿ ನಾಶ ಮಾಡಿ ಪೊಲೀಸ್ ಕಂಪ್ಲೇಂಟ್ ಕೊಟ್ಟ ಹಾಗೆ. ಸಿಪ್ರೊಫ್ಲೋಕ್ಸಾಸಿನ್ ಗುಂಪಿನ ಔಷಧಿ ಸ್ನಾಯುರಜ್ಜು, ಅದರಲ್ಲೂ ಹಿಮ್ಮಡಿಯದು, ಹರಿಯೋ ಅಪಾಯ ತರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಕರು 2008ರಲ್ಲೇ ಪೆಟ್ಟಿಗೆ ಕಟ್ಟಿ ಎಚ್ಚರಿಕೆ ಹಾಕಿಸಿದ್ರು. ಕಾಲೇಜ್ ಕಬಡ್ಡಿ ಟೀಮಿನಲ್ಲಿರೋರು ಇದನ್ನ ಎರಡು ಸಲ ಓದಿ.

ಈಗ ಮೂರನೇ ವರ್ಗ. ಇಲ್ಲಿ ಎರಡು ಪ್ರಯೋಗಗಳ ಬಗ್ಗೆ ಹೇಳಲೇಬೇಕು. 2004ರಲ್ಲಿ ಪ್ರಕಟವಾದದ್ದರಲ್ಲಿ 196 ಜನ, ನಾಲ್ಕು ಗುಂಪು: ಸಿಪ್ರೊಫ್ಲೋಕ್ಸಾಸಿನ್, ಟ್ಯಾಮ್ಸುಲೋಸಿನ್, ಎರಡೂ, ಮತ್ತು ಪ್ಲಸೀಬೊ. ಆರು ವಾರ ಆದ ಮೇಲೆ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಇವರೆಲ್ಲ ಹಳೇ ರೋಗಿಗಳು, ಏನೇನೋ ತಿಂದು ಸುಸ್ತಾದವರು, ಹೊಸಬರಿಗೆ ಕೊಟ್ಟಿದ್ದರೆ ಕೆಲಸ ಮಾಡ್ತಿತ್ತೇನೋ ಅಂತ ಒಂದು ವಾದ ಬಂತು. ನ್ಯಾಯವಾದ ವಾದ. ಅದಕ್ಕೆ ಹೊಸದಾಗಿ ಕಾಯಿಲೆ ಪತ್ತೆಯಾದ, ಈ ಗುಂಪಿನ ಔಷಧಿ ಹಿಂದೆ ತಗೊಂಡಿರದ 272 ಜನರನ್ನ ಸೇರಿಸಿ, ಅಲ್ಫುಜೋಸಿನ್ 10 ಮಿ.ಗ್ರಾಂ ಅಥವಾ ಪ್ಲಸೀಬೊ 12 ವಾರ ಕೊಟ್ಟರು. ಫಲಿತಾಂಶ 2008ರಲ್ಲಿ ಬಂತು. ಅಲ್ಫುಜೋಸಿನ್ ತಗೊಂಡವರಲ್ಲಿ ಶೇ. 49.3 ಜನಕ್ಕೆ ಆರಾಮ ಆಗಿತ್ತು. ಪ್ಲಸೀಬೊ ತಗೊಂಡವರಲ್ಲಿ? ಶೇ. 49.3. ದಶಾಂಶದವರೆಗೂ ಒಂದೇ. ನಾವು ಲ್ಯಾಬ್ ರೆಕಾರ್ಡಿನಲ್ಲಿ ಹೀಗೆ ಬರೆದರೆ ಪಕ್ಕದ ಬ್ಯಾಚಿಂದ ಕಾಪಿ ಅಂತ ಸರ್ ಕೆಂಪು ಗೆರೆ ಎಳೀತಾರೆ.

ಈ ಸಂಖ್ಯೆಯನ್ನ ನಿಧಾನಕ್ಕೆ ನೋಡಬೇಕು. ಔಷಧಿ ತಗೊಂಡವರಲ್ಲಿ ಅರ್ಧ ಜನಕ್ಕೆ ನಿಜವಾಗಿಯೂ ಆರಾಮ ಆಗಿದೆ, ಯಾರೂ ಸುಳ್ಳು ಹೇಳ್ತಿಲ್ಲ. ಆದ್ರೆ ಸಪ್ಪೆ ಮಾತ್ರೆ ತಿಂದಿದ್ದರೂ ಅಷ್ಟೇ ಜನಕ್ಕೆ ಆರಾಮ ಆಗ್ತಿತ್ತು. ಈ ನೋವು ತಾನಾಗೇ ಏರಿ ಇಳಿಯುತ್ತೆ, ಜನ ಮಾತ್ರೆ ಹುಡುಕೋದು ಅದು ಶಿಖರದಲ್ಲಿ ಇದ್ದಾಗ, ಆಮೇಲೆ ಇಳಿಯಲೇಬೇಕು. ಜೊತೆಗೆ ಒಬ್ಬರು ಕೂತು ನಮ್ಮ ಮಾತು ಕೇಳಿಸಿಕೊಂಡಿದ್ದು, ಇದು ಕ್ಯಾನ್ಸರ್ ಅಲ್ಲ ಅಂತ ಹೇಳಿದ್ದು, ಅದರದ್ದೂ ಒಂದು ಪಾಲು. ಹಾಗಾಗಿ "ನನ್ನ ಸೀನಿಯರ್‌ಗೆ ಇದೇ ಮಾತ್ರೆಯಿಂದ ಹೋಯ್ತು" ಅನ್ನೋ ಮಾತು ನಿಜ ಇದ್ದರೂ ಪುರಾವೆ ಅಲ್ಲ. ಬೇರೆ ಕೆಲವು ಚಿಕ್ಕ ಪ್ರಯೋಗಗಳಲ್ಲಿ ಇದೇ ಗುಂಪಿನ ಔಷಧಿಯಿಂದ ಸ್ವಲ್ಪ ಲಾಭ ಕಂಡಿದೆ. ನೋವಿನ ಜೊತೆ ಮೂತ್ರದ ಧಾರೆಯ ತೊಂದರೆಯೂ ಇರೋರಿಗೆ ಡಾಕ್ಟರುಗಳು ಈಗಲೂ ಕೆಲವು ವಾರ ಕೊಟ್ಟು ನೋಡ್ತಾರೆ, ಫಲ ಇಲ್ಲ ಅಂದ್ರೆ ನಿಲ್ಲಿಸ್ತಾರೆ. ಅದು ಡಬ್ಬಿಯಿಂದ ಎತ್ತಿಕೊಂಡು ಬಂದು ತಿನ್ನೋದಕ್ಕಿಂತ ಬೇರೆ ವಿಷಯ.

ಹಾಗಾದ್ರೆ ಈ ನೋವು ಎಲ್ಲಿಂದ? ಬಹಳ ಜನರಲ್ಲಿ ಗ್ರಂಥಿಗಿಂತ ಅದರ ಕೆಳಗೆ ತೊಟ್ಟಿಲಿನ ಹಾಗೆ ಹಿಡಿದಿರೋ ಸ್ನಾಯುಗಳಲ್ಲಿ ಬಿಗಿತ ಸಿಗುತ್ತೆ. ಭುಜ ಗಟ್ಟಿಯಾಗಿ ತಲೆನೋವು ಬರೋ ಹಾಗೆ, ಇಲ್ಲೂ ಸ್ನಾಯು ಬಿಟ್ಟುಕೊಡದೆ ಕೂತುಬಿಡುತ್ತೆ. ಇನ್ನು ಕೆಲವರಲ್ಲಿ ನರವ್ಯವಸ್ಥೆಯೇ ಅತಿಸೂಕ್ಷ್ಮ ಆಗಿರುತ್ತೆ, ಕಳ್ಳ ಬಾರದಿದ್ದರೂ ಹೊಡ್ಕೊಳ್ಳೋ ಅಲಾರಂ. 2009ರಲ್ಲಿ ಶೋಸ್ಕೆಸ್, ನಿಕಲ್ ಮೊದಲಾದ ಯುರಾಲಜಿಸ್ಟ್‌ಗಳು ಒಂದೇ ಮಾತ್ರೆ ಹುಡುಕೋದನ್ನ ಬಿಟ್ಟು ಪ್ರತಿ ರೋಗಿಯನ್ನೂ ಆರು ಕೋನದಿಂದ ನೋಡೋ ಯುಪಾಯಿಂಟ್ ಅನ್ನೋ ಪದ್ಧತಿ ತಂದ್ರು: ಮೂತ್ರದ ತೊಂದರೆ ಇದೆಯಾ, ಮನಸ್ಸಿನ ಒತ್ತಡ ಇದೆಯಾ, ಗ್ರಂಥಿಯಲ್ಲೇ ನೋವಾ, ಸೋಂಕಾ, ನರದ್ದಾ, ಸ್ನಾಯುವಿನದ್ದಾ. ಯಾವುದು ಇದೆಯೋ ಅದಕ್ಕೆ ಮಾತ್ರ ಚಿಕಿತ್ಸೆ. ಒಬ್ಬರಿಗೆ ಉರಿಯೂತ ಕಡಿಮೆ ಮಾಡೋ ನೋವಿನ ಮಾತ್ರೆ ಸ್ವಲ್ಪ ದಿನ, ಒಬ್ಬರಿಗೆ ರಾತ್ರಿ ಸಣ್ಣ ಡೋಸಿನ ಅಮಿಟ್ರಿಪ್ಟಿಲಿನ್, ಒಬ್ಬರಿಗೆ ಮಾತ್ರೆಗಿಂತ ಫಿಸಿಯೋಥೆರಪಿ. ಅದೇ ವರ್ಷ 47 ಗಂಡಸರು ಮತ್ತು ಹೆಂಗಸರ ಮೇಲೆ ಮಾಡಿದ ಒಂದು ಸಣ್ಣ ಪ್ರಯೋಗದಲ್ಲಿ ಈ ಸ್ನಾಯುಗಳನ್ನೇ ಗುರಿಯಾಗಿಟ್ಟು ಮಾಡಿದ ಫಿಸಿಯೋಥೆರಪಿಯಿಂದ ಶೇ. 57 ಜನಕ್ಕೆ, ಸಾಮಾನ್ಯ ಮಸಾಜಿನಿಂದ ಶೇ. 21 ಜನಕ್ಕೆ ಆರಾಮ ಆಯ್ತು. ಸಣ್ಣ ಪ್ರಯೋಗ, ಜಾಸ್ತಿ ಕುಣಿಯೋದು ಬೇಡ. ಆದ್ರೂ ದಿಕ್ಕು ಗೊತ್ತಾಗುತ್ತೆ. ನೋವು ಶುರುವಾದ ಮೇಲೆ ಎಂಟು ಗಂಟೆ ಒಂದೇ ಸಮ ಕೋಡಿಂಗ್ ಮಾಡ್ತಾ ಕೂತರೆ ಅದು ಜಾಸ್ತಿ ಆಗೋದು ಮಾಮೂಲು. ಮಧ್ಯೆ ಎದ್ದು ಓಡಾಡಿ, ಬಿಸಿನೀರಲ್ಲಿ ಸ್ವಲ್ಪ ಹೊತ್ತು ಕೂತರೆ ಕೆಲವರಿಗೆ ಹಿತ.

ನೆಗಡಿ ಮಾತ್ರೆ, ಮತ್ತು ಡಾಕ್ಟರ ಮುಂದೆ ಏನು ಹೇಳೋದು

ಇದೊಂದು ಎಲ್ಲರೂ ನೆನಪಿಟ್ಟುಕೊಳ್ಳಲೇಬೇಕಾದ ವಿಷಯ. ಮನೇಲಿ ಅಪ್ಪನಿಗೆ ನೆಗಡಿ ಅಂದಾಗ ನಾವೇ ಓಡಿಹೋಗಿ ಒಂದು ಮಾತ್ರೆ ತಂದುಕೊಡ್ತೀವಿ. ಅಂಥ ಮಾತ್ರೆಗಳ ಹಿಂದೆ ಓದಿ ನೋಡಿ, ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್ ಅಂತ ಇರುತ್ತೆ. ಫಿನೈಲ್‌ಎಫ್ರಿನ್ ಮೂಗಿನ ರಕ್ತನಾಳ ಬಿಗಿಯೋದು ಅದೇ ಆಲ್ಫಾ ರಿಸೆಪ್ಟರ್ ಒತ್ತಿ. ಟ್ಯಾಮ್ಸುಲೋಸಿನ್ ಸಡಿಲಿಸಿದ್ದನ್ನ ಇದು ಬಿಗಿಯುತ್ತೆ. ಕ್ಲೋರ್‌ಫೆನಿರಮಿನ್ ಮೂತ್ರಕೋಶದ ತಳ್ಳೋ ಶಕ್ತಿಯನ್ನೇ ಕುಂದಿಸುತ್ತೆ. ನಲ್ಲಿ ಬಿಗಿದು ಪಂಪನ್ನೂ ಆಫ್ ಮಾಡಿದ ಹಾಗೆ. ಗ್ರಂಥಿ ದಪ್ಪ ಇರೋ ಕೆಲವರಿಗೆ ಇದರಿಂದ ಮೂತ್ರ ಪೂರ್ತಿ ಕಟ್ಟಿಕೊಂಡು, ರಾತ್ರೋರಾತ್ರಿ ಆಸ್ಪತ್ರೆಗೆ ಓಡಿ ಕ್ಯಾತಿಟರ್ ಹಾಕಿಸಬೇಕಾಗುತ್ತೆ. ಪ್ರಾಸ್ಟೇಟ್ ತೊಂದರೆ ಇರೋರಿಗೆ ನೆಗಡಿ ಮಾತ್ರೆ ಕೊಡೋ ಮುಂಚೆ ಕೇಳಲೇಬೇಕು.

ಮೂತ್ರ ಪೂರ್ತಿ ನಿಂತರೆ, ಚಳಿಜ್ವರದ ಜೊತೆ ನೋವು ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ ಮರುದಿನಕ್ಕೆ ಕಾಯೋದು ಬೇಡ.

ಅಪ್ಪಂದಿರು ಡಾಕ್ಟರ ಮುಂದೆ "ಸ್ವಲ್ಪ ಗ್ಯಾಸು" ಅಂತ ಹೇಳಿ ಎದ್ದು ಬರ್ತಾರೆ. ನಾವು ಇಂಗ್ಲಿಷಲ್ಲಿ ಯೂರಿನ್ ಅಂತೀವಿ, ಕನ್ನಡದಲ್ಲಿ ಹೇಳೋಕೆ ನಾಚಿಕೆ, ಕನ್ನಡ ಸಂಘದವರಿಗೂ. ಯುರಾಲಜಿಸ್ಟ್‌ಗಳು ಏಳು ಪ್ರಶ್ನೆಗಳ ಒಂದು ಪಟ್ಟಿ ಬಳಸ್ತಾರೆ. ಹೋದ ತಿಂಗಳಲ್ಲಿ ಎಷ್ಟು ಸಲ ಹೀಗಾಯ್ತು ಅಂತ ಕೇಳೋದು: ಮಾಡಿ ಬಂದ ಮೇಲೂ ಇನ್ನೂ ಉಳಿದಿದೆ ಅನಿಸ್ತಾ? ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಯ್ತಾ? ನಿಂತು ನಿಂತು ಬಂತಾ? ತಡೆಯೋಕೆ ಕಷ್ಟ ಆಯ್ತಾ? ಧಾರೆ ಸಣ್ಣಗಾಗಿತ್ತಾ? ಮುಕ್ಕಬೇಕಾಯ್ತಾ? ರಾತ್ರಿ ಎಷ್ಟು ಸಲ ಎದ್ದಿರಿ? ಪ್ರತಿಯೊಂದಕ್ಕೂ 0ಯಿಂದ 5, ಒಟ್ಟು 35. ಏಳರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರ ಮೇಲೆ ತೀವ್ರ. ಹಬ್ಬಕ್ಕೆ ಊರಿಗೆ ಹೋದಾಗ ಕಾಫಿ ಕುಡೀತಾ ಕೇಳಬಹುದು. ಅಮ್ಮ ಎದುರಿಗಿದ್ದರೆ ಅಪ್ಪ ರಾತ್ರಿ ಏಳೋ ಲೆಕ್ಕ ಕರೆಕ್ಟಾಗಿ ಸಿಗುತ್ತೆ.

ನೋವಿನ ಬಗ್ಗೆ ಹೋಗೋ ಹುಡುಗರು ಎಷ್ಟು ದಿನದಿಂದ, ಎಲ್ಲಿ, ಕೂತಾಗ ಜಾಸ್ತಿಯಾ, ವೀರ್ಯಸ್ಖಲನದ ಸಮಯದಲ್ಲಿ ನೋವಾ, ಇಲ್ಲಿಯವರೆಗೆ ಯಾವ ಯಾವ ಮಾತ್ರೆ ಎಷ್ಟು ದಿನ ತಿಂದಿದ್ದು, ಕೂದಲಿಂದೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಲೈಂಗಿಕ ಸಂಪರ್ಕ ಇದ್ದರೆ ಅದನ್ನೂ ಹೇಳಿ, ಬೇರೆ ಸೋಂಕುಗಳೂ ಹೀಗೇ ಉರಿ ಕೊಡುತ್ವೆ, ಅವಕ್ಕೆ ಔಷಧಿ ಬೇರೆ. ಖಾಸಗಿ ಆಸ್ಪತ್ರೆಯ ಬಿಲ್ಲಿನ ಭಯ ಇರೋರಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೊ-ಯುರಾಲಜಿ ಸಂಸ್ಥೆಯೇ ಇದೆ. ಬೇರೆ ಊರಿನವರು ಹತ್ತಿರದ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ಯುರಾಲಜಿ ಓಪಿಡಿ ಯಾವ ದಿನ ಅಂತ ಕೇಳಿಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ, ಮತ್ತು ಹೊರಡೋ ಮುಂಚೆ ಬಾತ್‌ರೂಮಿಗೆ ಹೋಗಬೇಡಿ. ಅಲ್ಲಿ ಮೊದಲು ಕೇಳೋದೇ ಸ್ಯಾಂಪಲ್.